ಕಂಡಕ್ಟರ್ ಮಾಮಾರ ಬೆನ್ನು

ಮೊನ್ನೆ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಹೋಗಬೇಕಾಯಿತು. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಜನರ ನಡುವೆ ಜಾಗ ಮಾಡಿಕೊಂಡು ಬಂದ ಕಂಡಕ್ಟರ್ ಹೆಣ್ಣುಮಗಳ ಚೀಲ ನನ್ನ ತೋಳಿಗೆ ತಾಗಿತು. ತೊಯ್ದ ಚರ್ಮದ ವಾಸನೆ, ಅದರೊಳಗೆ ಚಿಲ್ಲರೆ ನಾಣ್ಯಗಳ ವಾಸನೆ... ನನ್ನ ಬಲ ಅಂಗೈ ಒಮ್ಮೆಲೇ ಬೆವೆತು ತಣ್ಣಗಾಯಿತು. "ಎಲ್ಲಿಗ್ರಿ ಸರ?" ಎಂದು ಆಕೆ ಕೇಳಿದಳು. ಹುಟ್ಟಿದಾಗಿನಿಂದ ಓಡಾಡಿದ ಊರಿನ ಹೆಸರು ಬಾಯಿಗೆ ಬರಲಿಲ್ಲ. "ಲಗೂನ ಹೇಳ್ರಿ, ಹಿಂದ ಜನಾ ನಿಂತಾರ" ಎಂದಾಗ ಸುಮ್ಮನೆ ಮುಂದಕ್ಕೆ ಕೈ ತೋರಿಸಿದೆ. ಬಸ್ಸು ಹೋಗುವ ಕಡೆಗೇ ತಾನೆ ಎಲ್ಲರೂ ಹೋಗುವುದು ಎಂಬಂತೆ ಆಕೆ ನಕ್ಕು ಟಿಕೆಟ್ ಕೊಟ್ಟಳು.

ನನ್ನ ಎತ್ತರ ಬಸ್ಸಿನ ಮೇಲಿನ ಸರಳಿಗೆ ತಲೆ ತಾಗುವಷ್ಟಿದೆ. ಇಷ್ಟು ದೊಡ್ಡ ದೇಹದವನು ಒಂದು ಚೀಲದ ವಾಸನೆಗೆ ಅಂಜುತ್ತಾನೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಂಜುತ್ತೇನೆ. ಅಂಥದೇ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇದೇ ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದ ಒಬ್ಬ ಮನುಷ್ಯ ಇದ್ದರು. ಅವರ ಮುಖ ನನಗೆ ಈಗೀಗ ಮಸುಕಾಗುತ್ತಿದೆ. ಬೆನ್ನು ಮಾತ್ರ ಚೆನ್ನಾಗಿ ನೆನಪಿದೆ.

ನಾವೆಲ್ಲ ಅವರನ್ನು ಕಂಡಕ್ಟರ್ ಮಾಮಾ ಎನ್ನುತ್ತಿದ್ದೆವು. ನಮ್ಮದು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಕಡೆಯ ಕುರಿ ಸಾಕುವ ಮನೆ. ಕುರಿಗಳ ಹಿಂದೆ ಓಡಿ ಓಡಿ ಗಟ್ಟಿಯಾದ ನನ್ನ ಕಾಲುಗಳನ್ನು ನೋಡಿ ಕಾಲೇಜಿನ ಮಾಸ್ತರರು ಫುಟ್‌ಬಾಲ್ ತಂಡಕ್ಕೆ ಹಾಕಿದ್ದರು. ಬೆಳಗಾವಿಗೆ ಪ್ರಾಕ್ಟೀಸಿಗೆ ಹೋಗಿ ಬರುವುದು ಮಾಮಾರ ಬಸ್ಸಿನಲ್ಲೇ. ಆ ಬೆಳಗಿನ ಬಸ್ಸು ನೆನಪಾದರೆ ಈಗಲೂ ಉಸಿರು ಕಟ್ಟುತ್ತದೆ. ಹಾಲಿನ ಕ್ಯಾನು, ಕಾಯಿಪಲ್ಯದ ಬುಟ್ಟಿ, ಕೋರ್ಟಿಗೆ ಹೊರಟವರು, ಕಾಲೇಜಿನ ನಾವು, ಎಲ್ಲ ಒಂದರ ಮೇಲೊಂದು. ಬೇರೆ ಕಂಡಕ್ಟರುಗಳು "ಸರಿರಿ, ಒಳಗ ಸರಿರಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಮಾಮಾ ಬಾಯಿ ತೆರೆಯುತ್ತಿರಲಿಲ್ಲ. ಜನರಿಗೆ ಬೆನ್ನು ತಿರುಗಿಸಿ ನಿಂತು ಮೆಲ್ಲಗೆ ಹಿಂದಕ್ಕೆ ಒರಗುತ್ತಿದ್ದರು. ಯಾರ ಮೈ ಎಲ್ಲಿ ಸಡಿಲ ಕೊಡುತ್ತದೆ ಎಂದು ಆ ಬೆನ್ನಿಗೇ ತಿಳಿಯುತ್ತಿತ್ತೋ ಏನೋ, ಅಲ್ಲೇ ಹೊರಳಿ ಆಚೆ ಹೋಗಿಬಿಡುತ್ತಿದ್ದರು. ತಿರುವಿನಲ್ಲಿ ನಾವೆಲ್ಲ ಸರಳು ಹಿಡಿದು ಜೋತಾಡುವಾಗ ಅವರೊಬ್ಬರೇ ಏನನ್ನೂ ಹಿಡಿಯದೆ ಎರಡೂ ಕೈಯಿಂದ ಚಿಲ್ಲರೆ ಎಣಿಸುತ್ತಿದ್ದರು.

ರವಿವಾರ ಖಾನಾಪುರದ ಮೈದಾನದಲ್ಲಿ ಅವರು ಫುಟ್‌ಬಾಲ್ ಆಡುತ್ತಿದ್ದುದೂ ಹೀಗೆಯೇ. ಒಂಬತ್ತನೇ ನಂಬರಿನ ಅಂಗಿ, ತುಸು ಮುಂದೆ ಬಂದ ಹೊಟ್ಟೆ, ನಲವತ್ತು ದಾಟಿದ ವಯಸ್ಸು. ಓಡುವುದೆಂದರೆ ಆಗದು. ಗೋಲಿಗೆ ಬೆನ್ನು ಮಾಡಿ ನಿಲ್ಲುವುದು, ಹಿಂದಿರುವ ಡಿಫೆಂಡರನ ಮೇಲೆ ಒರಗುವುದು, ಚೆಂಡು ಬಂದ ಕೂಡಲೇ ಅವನ ಮೈಗೇ ಮೈ ತಿರುವಿಕೊಂಡು ಆಚೆ ಹೋಗುವುದು. ಆ ಕಡೆಯ ಸ್ಟಾಪರ್‌ಗಳು, ಅಂದರೆ ಗೋಲಿನ ಮುಂದೆ ನಡುವೆ ಕಾವಲು ನಿಲ್ಲುವ ಡಿಫೆಂಡರುಗಳು, ಬಿದ್ದು ಮಣ್ಣು ಒರೆಸಿಕೊಳ್ಳುತ್ತಿದ್ದರೆ ನಾವು ಹೊರಗೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮುಂದೊಂದು ದಿನ ಆ ಸ್ಟಾಪರ್ ನಾನೇ ಆಗುತ್ತೇನೆ ಎಂದು ಆಗ ಹೊಳೆದಿರಲಿಲ್ಲ.

ಕೆಲವು ವರ್ಷಗಳಲ್ಲಿ ನಾನು ಗೋವೆಯ ಒಂದು ಕ್ಲಬ್ಬಿಗೆ ಸೇರಿದೆ. ಸಂಬಳದ ಆಟಗಾರ, ನಿಲ್ಲುವ ಜಾಗ ಸ್ಟಾಪರ್. ಅಲ್ಲಿ ತಿನ್ನಿಸಿ, ಓಡಿಸಿ, ಭಾರ ಎತ್ತಿಸಿ ನನ್ನನ್ನು ಇನ್ನಷ್ಟು ದೊಡ್ಡವನನ್ನಾಗಿ ಮಾಡಿದರು. ನಮ್ಮಂಥ ದಾಂಡಿಗ ಡಿಫೆಂಡರುಗಳಿಗೆ ಅಂಜಿಕೆಯೇ ಇಲ್ಲ ಎಂದು ಜನ ತಿಳಿದಿರುತ್ತಾರೆ. ಅದು ಶುದ್ಧ ಸುಳ್ಳು. ಸ್ಟ್ರೈಕರ್ ಹತ್ತು ಸಲ ತಪ್ಪಿದರೂ ಮುಂದಿನ ಚೆಂಡಿನ ಆಸೆಯಲ್ಲಿ ಹಾಡು ಗುನುಗುತ್ತ ತಿರುಗುತ್ತಾನೆ. ನಾವು ಆಟ ಮುಗಿಯುವವರೆಗೂ ಈಗ ಏನಾಗುತ್ತದೋ ಎಂದು ಹೊಟ್ಟೆ ಬಿಗಿಹಿಡಿದೇ ನಿಂತಿರುತ್ತೇವೆ. ನನಗಂತೂ ಆ ಅಂಜಿಕೆಯೇ ಅನ್ನ ಹಾಕಿತು.

ಆದರೂ ಎಲ್ಲ ಸ್ಟ್ರೈಕರುಗಳಿಗೂ ಒಂದೇ ಥರ ಅಂಜುತ್ತಿರಲಿಲ್ಲ. ಓಡುವವನು ಬಂದರೆ ನನಗೆ ಹಬ್ಬ. ಅವನ ಬಂಡವಾಳ ವೇಗ, ಅದು ನನ್ನಲ್ಲೂ ಇತ್ತು. ಸ್ವಲ್ಪ ಮೊದಲೇ ಹಿಂದಕ್ಕೆ ಸರಿದು ನಿಂತರೆ ಚೆಂಡಿನ ಹತ್ತಿರ ಇಬ್ಬರೂ ಕೂಡಿಯೇ ಹೋಗುತ್ತೇವೆ. ಹೋದ ಮೇಲೆ ಯಾರ ಭುಜ ಅಗಲವೋ ಅವರದ್ದು ಚೆಂಡು. ಎತ್ತರಕ್ಕೆ ಹಾರಿ ತಲೆ ಕೊಡುವವನನ್ನು ಅವನು ಹಾರುವ ಮುಂಚೆಯೇ ಪಕ್ಕೆಗೆ ಪಕ್ಕೆ ಕೊಟ್ಟು ನೆಲಕ್ಕೆ ಕಟ್ಟಿಹಾಕಬೇಕು. ಕಾಲಿನಲ್ಲಿ ಕಣ್ಕಟ್ಟು ಮಾಡುವ ಪುಟ್ಟ ಆಳುಗಳು ಮಾತ್ರ ಸ್ವಲ್ಪ ಕಾಡುತ್ತಿದ್ದರು. ಅವರ ಕಾಲು ನೋಡಬಾರದು, ಸೊಂಟ ನೋಡಬೇಕು. ಕಾಲು ಎಷ್ಟು ಸುಳ್ಳು ಹೇಳಿದರೂ ಸೊಂಟ ಹೋಗುವ ಕಡೆಗೇ ಹೋಗುತ್ತದೆ. ಆದರೆ ಮಾಮಾರಂಥ ಸ್ಟ್ರೈಕರ್ ಇರುತ್ತಾನಲ್ಲ, ಅವನು ಓಡುವುದೂ ಇಲ್ಲ, ಹಾರುವುದೂ ಇಲ್ಲ. ನೀನು ಅವನನ್ನು ಮುಟ್ಟಬೇಕು, ಅಷ್ಟೇ ಅವನಿಗೆ ಬೇಕಾದದ್ದು. ನೀನು ನೂಕಿದ ಬಲದಲ್ಲೇ ಅವನು ತಿರುಗುತ್ತಾನೆ. ನಿನ್ನಲ್ಲಿ ಶಕ್ತಿ ಹೆಚ್ಚಿದ್ದಷ್ಟೂ ಅವನಿಗೆ ಅನುಕೂಲ. ಇದಕ್ಕೆ ಮದ್ದು ನಮ್ಮ ಗೋವೆಯ ಕೋಚ್ ಹೇಳಿಕೊಟ್ಟಿದ್ದರು: ಕೈಯಳತೆ ದೂರ ನಿಲ್ಲು, ಮುಟ್ಟಬೇಡ, ಚೆಂಡು ತೆಗೆದುಕೊಳ್ಳಲು ಬಿಡು, ಅವನು ತಾನಾಗಿ ತಿರುಗುವಾಗ ನಿನ್ನ ವೇಗ ಬಳಸು. ಕೇಳಲು ಇಷ್ಟು ಸುಲಭ. ಆದರೆ ಮೈಯಲ್ಲಿ ಬಲವಿರುವ ಹುಡುಗನಿಗೆ ನೂಕದೆ ನಿಲ್ಲುವುದೆಂದರೆ ಅವಮಾನ.

ಇನ್ನೊಂದು ಸಂಗತಿ ಹೇಳಬೇಕು. ಚೆಂಡು ಆಕಾಶದಲ್ಲಿರುವಾಗ ಡಿಫೆಂಡರನ ಕಣ್ಣು ಚೆಂಡಿನ ಮೇಲಿರುತ್ತದೆ. ಹಾಗಾಗಿ ಮನುಷ್ಯನನ್ನು ನೋಡಿಕೊಳ್ಳುವ ಕೆಲಸ ಅಂಗೈಯದು. ಸ್ಟ್ರೈಕರನ ಬೆನ್ನಿನ ಮೇಲೆ ಹಗುರಾಗಿ ಇಟ್ಟರೆ ರೆಫ್ರಿಯೂ ಏನೂ ಅನ್ನುವುದಿಲ್ಲ. ಅವನು ಎತ್ತ ಸರಿಯುತ್ತಾನೆ, ಯಾವಾಗ ಹಾರುತ್ತಾನೆ, ದಣಿದಿದ್ದಾನೋ ದಣಿದ ಹಾಗೆ ನಟಿಸುತ್ತಾನೋ, ಎಲ್ಲ ಕೈಗೆ ತಿಳಿಯುತ್ತದೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ನನ್ನ ಕೈ ಬೆನ್ನುಗಳ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿತ್ತು.

ಒಂದು ವರ್ಷ ನಾನು ರಜೆಗೆ ಊರಿಗೆ ಬಂದಾಗ ಬೆಳಗಾವಿಯ ಒಂದು ತಂಡದವರು ತಮ್ಮ ಕಡೆಯಿಂದ ಆಡಲು ಕರೆದರು. ಟಿಳಕವಾಡಿಯ ಮೈದಾನದಲ್ಲಿ ಫೈನಲ್, ಎದುರಿಗೆ ಖಾನಾಪುರ. ಅಂದರೆ ಮಾಮಾ. ಹಿಂದಿನ ದಿನ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಅವರು ಎಲ್ಲರಿಗೂ ಕೇಳುವ ಹಾಗೆ, "ಏನೋ ತಮ್ಮಾ, ನಮ್ಮ ತಾಲೂಕಿನ ನೀರು ಕುಡದು ಪ್ಯಾಟಿಯವರ ಕಡಿಂದ ಆಡ್ತಿ? ಬಾ ನಾಳಿ, ತೋರಸ್ತೀನಿ" ಎಂದರು.

"ವಯಸ್ಸಾತ್ರಿ ಮಾಮಾ, ಹುಷಾರಿಂದ ಆಡ್ರಿ" ಎಂದೆ ನಾನು.

"ವಯಸ್ಸು ಈ ಬಸ್ಸಿಗಿ ಆಗೈತಿ, ನನಗಲ್ಲ" ಎಂದು ಸೀಟಿ ಊದಿದರು. ಬಸ್ಸೆಲ್ಲ ನಕ್ಕಿತು.

ಮೊದಲ ಅರ್ಧದಲ್ಲಿ ನಾನು ಕೋಚ್ ಹೇಳಿದ್ದನ್ನೆಲ್ಲ ಮರೆತೆ. ಗೋವೆಯಿಂದ ಬಂದವನು ಊರಿನ ಜನರ ಮುಂದೆ ದೂರ ನಿಂತು ಆಡುವುದೇ? ಮಾಮಾ ಒರಗಿದರು, ನಾನು ನೂಕಿದೆ. ಅವರು ಹೊರಳಿದರು, ನಾನು ಗಾಳಿಯನ್ನು ನೂಕಿ ಮುಗ್ಗರಿಸಿದೆ. ಮತ್ತೆ ಅದೇ. ಒಂದು ಹೊಡೆತ ಗೋಲಿನ ಮೇಲಿನ ಕಂಬಕ್ಕೆ ಬಡಿದು ಹೋಯಿತು, ನನ್ನ ಪುಣ್ಯ. ಖಾನಾಪುರದಿಂದ ಟೆಂಪೋ ಮಾಡಿಕೊಂಡು ಬಂದಿದ್ದ ಜನ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಕೂಗುತ್ತಿದ್ದರು. "ಮಾಮಾ, ಅವಗ ಹಾಫ್ ಟಿಕೆಟ್ ಹರೀರಿ!" ಎಂದು ಒಬ್ಬ, "ಸೋಡೂ ನಕೋ ಮಾಮಾ, ಬಿಡಬ್ಯಾಡ್ರಿ!" ಎಂದು ಇನ್ನೊಬ್ಬ. ವಿರಾಮದಲ್ಲಿ ನಮ್ಮ ತಂಡದ ನಾಯಕ ನನ್ನ ಎರಡೂ ಭುಜ ಹಿಡಿದು, "ಮುಟ್ಟಬ್ಯಾಡೋ ಮಾರಾಯಾ, ದೂರ ನಿಲ್ಲು, ನಿನಗ ಕೈ ಮುಗೀತೀನಿ" ಎಂದ. ಆಗಲಿ ಎಂದೆ. ಮನಸ್ಸು ಗಟ್ಟಿ ಮಾಡಿಕೊಂಡೇ ಒಳಗೆ ಹೋದೆ.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಖಾನಾಪುರಕ್ಕೆ ಕಾರ್ನರ್ ಸಿಕ್ಕಿತು. ಕಾರ್ನರಿನಲ್ಲಿ ದೂರ ನಿಲ್ಲಲು ಆಗುವುದಿಲ್ಲ. ಮಾಮಾರ ಹಿಂದೆ ನಿಂತು ಬೆನ್ನಿನ ಮೇಲೆ ಕೈ ಇಟ್ಟೆ.

ಮೊದಲು ಓಡಿ ಬಂದದ್ದಕ್ಕೆ ಎದೆ ಹೊಡೆದುಕೊಳ್ಳುತ್ತಿದೆ ಎಂದುಕೊಂಡೆ. ಆದರೆ ಓಡಿದ ಎದೆ ಜೋರಾಗಿ ಹೊಡೆದರೂ ಒಂದೇ ಸಮ ಹೊಡೆಯುತ್ತದೆ. ಇದು ಹಾಗಿರಲಿಲ್ಲ. ಬೆದರಿದ ಕುರಿಮಂದೆ ಓಡಿದ ಹಾಗೆ ದಡದಡ ದಡದಡ, ಆಮೇಲೆ ಏನೂ ಇಲ್ಲ... ಏನೂ ಇಲ್ಲ... ಆಮೇಲೆ ಒಳಗಿಂದ ಯಾರೋ ಗುದ್ದಿದ ಹಾಗೆ ಒಂದೇ ಒಂದು ಹೊಡೆತ. ಮತ್ತೆ ದಡದಡ. ಚೆಂಡು ಬಂದದ್ದು, ನಮ್ಮ ಗೋಲ್‌ಕೀಪರ್ ಅದನ್ನು ಹಿಡಿದದ್ದು ಯಾವುದೂ ನನಗೆ ಗೊತ್ತಾಗಲಿಲ್ಲ. ಎಲ್ಲರೂ ಆ ಕಡೆ ಓಡಿದರು. ನಾನು ಅಲ್ಲೇ ನಿಂತಿದ್ದೆ, ಕೈ ಗಾಳಿಯಲ್ಲೇ ಇತ್ತು.

ನಾನು ಹಾಗೆ ಹೆದರಿದ್ದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ಗೋವೆಯಲ್ಲಿ ಪ್ರಾಕ್ಟೀಸಿನ ಹೊತ್ತಿಗೆ ನಮ್ಮದೇ ತಂಡದ ಹುಡುಗನೊಬ್ಬ ಗೋಲಿನ ಕಂಬ ಹಿಡಿದು ಕುಳಿತ. ನೀರು ಕೇಳಿದ. ನೀರು ಬರುವಷ್ಟರಲ್ಲಿ ಮಲಗಿದ. ಮತ್ತೆ ಏಳಲಿಲ್ಲ. ಬಹಳ ದಿನಗಳಿಂದ ಅವನ ಎದೆ ತಾಳ ತಪ್ಪಿ ಹೊಡೆಯುತ್ತಿದ್ದಿರಬೇಕು, ಯಾರಿಗಾದರೂ ಗೊತ್ತಾಗಿದ್ದರೆ ಉಳಿಯುತ್ತಿದ್ದ ಎಂದು ಆಮೇಲೆ ಡಾಕ್ಟರು ಹೇಳಿದ್ದರು. ಆ ಮಾತು ನನ್ನೊಳಗೆ ಕುಳಿತುಬಿಟ್ಟಿತ್ತು.

ಮಾಮಾರ ಹತ್ತಿರ ಓಡಿದೆ. "ಮಾಮಾ, ನಿಮ್ಮ ಎದಿ ಸರಿ ಇಲ್ರಿ. ಹೊರಗ ನಡೀರಿ."

"ನೀ ಬಾಲ್ ನೋಡು" ಎಂದರು.

"ಖರೇ ಹೇಳಾಕತ್ತೀನ್ರಿ ಮಾಮಾ."

"ಹೊರಗ ನಡೀರಿ ಅಂತ ನನಗ ಎಲ್ಲಾ ಸ್ಟಾಪರ್‌ಗಳೂ ಅಂತಾರ" ಎಂದು ನಕ್ಕರು. ಹಣೆಯ ಮೇಲೆ ಬೆವರಿನ ಹನಿಗಳು ದಪ್ಪಗೆ ನಿಂತಿದ್ದವು, ತುಟಿ ಬೆಳ್ಳಗಾಗಿತ್ತು.

ನಾನು ರೆಫ್ರಿಯ ಹತ್ತಿರ ಹೋಗಿ ಆಟ ನಿಲ್ಲಿಸಿರಿ ಎಂದೆ. ಅವರು ಸೀಟಿ ಊದಿ ಮಾಮಾರನ್ನು ಕರೆದು ಆರಾಮಿದ್ದೀರಾ ಎಂದು ಕೇಳಿದರು. ಮಾಮಾ ಎದೆ ಉಬ್ಬಿಸಿ, "ನನಗೇನಾಗೈತ್ರಿ ಸರ? ಈ ಹುಡುಗನ ಮೈ ನಡಗಾಕತ್ತೈತಿ, ಮೊದಲ ಇವನ್ನ ಕೇಳ್ರಿ" ಎಂದರು. ಮೈದಾನವೆಲ್ಲ ಹೋ ಎಂದು ನಕ್ಕಿತು. "ಗೋವಾದಾಗ ಇದನ್ನ ಕಲಿಸ್ಯಾರೇನೋ?" ಎಂದು ಹೊರಗಿನಿಂದ ಯಾರೋ ಕೂಗಿದರು. ಅವರದೂ ತಪ್ಪಲ್ಲ. ನಮ್ಮ ಕಡೆಯ ಪಂದ್ಯಗಳಲ್ಲಿ ಎದುರಾಳಿಯ ಬೂಟಿನಲ್ಲಿ ಮೊಳೆ ಇದೆ, ಅವನ ವಯಸ್ಸು ಬೇರೆ ಇದೆ, ಅವನು ನಿನ್ನೆ ಕುಡಿದಿದ್ದ ಎಂದು ದೂರು ಹೇಳುವುದು ಆಟದ ಒಂದು ಭಾಗವೇ ಆಗಿತ್ತು. ಮುಖ್ಯ ಆಟಗಾರನನ್ನು ಹೇಗಾದರೂ ಹೊರಗೆ ಹಾಕಿಸುವುದಕ್ಕೆ ಎಲ್ಲರೂ ಇಂಥದ್ದೊಂದು ಮಾಡಿದವರೇ. ನನ್ನ ತಂಡದ ನಾಯಕನೇ ಹತ್ತಿರ ಬಂದು ಬೆನ್ನು ತಟ್ಟಿ, "ಭಾರಿ ತಲಿ ಓಡಿಸಿದಿ, ಆದ್ರ ನಡೀಲಿಲ್ಲ" ಎಂದು ಕಣ್ಣು ಹೊಡೆದ. ಅಷ್ಟು ಜನರಲ್ಲಿ ಆ ಎದೆಯ ವಿಷಯ ಗೊತ್ತಿದ್ದವರು ಇಬ್ಬರೇ, ಅವರಲ್ಲೊಬ್ಬರು ಇಲ್ಲ ಎನ್ನುತ್ತಿದ್ದರು.

ಆಟ ಮತ್ತೆ ಶುರುವಾಯಿತು. ಮಾಮಾ ಬಂದು ನನಗೆ ಬೆನ್ನು ಮಾಡಿ ನಿಂತರು. ಚೆಂಡು ಆಚೆ ಅಂಗಳದಲ್ಲಿತ್ತು. ತಿರುಗದೆಯೇ, ಮೆಲ್ಲಗೆ, "ತಮ್ಮಾ" ಎಂದರು.

"ಹೇಳ್ರಿ ಮಾಮಾ."

"ಹೋದ ತಿಂಗಳಿಂದ ಹಿಂಗ ಆಗಾಕತ್ತೈತಿ. ಬಸ್ಸಿನ್ಯಾಗ ಕಣ್ಣಿಗಿ ಕತ್ತಲಿ ಬಂದಿತ್ತು. ಮನ್ಯಾಗ ಹೇಳಿಲ್ಲ."

"ಮತ್ತ ಆಡಾಕ ಯಾಕ ಬಂದ್ರಿ?"

"ಆಡಿ ಆರಾಮ ಮನಿಗಿ ಹೋದ್ನಿ ಅಂದ್ರ ಏನೂ ಇಲ್ಲ ಅಂತ ಆಕ್ಕೈತಲ್ಲ..." ಎಂದು ನಿಲ್ಲಿಸಿದರು. ಆಮೇಲೆ ನಾನು ಎಂದೂ ಕೇಳಿರದ ದನಿಯಲ್ಲಿ, "ಅಂಜಿಕಿ ಬರಾಕತ್ತೈತೋ. ಕೈ ತಗೀಬ್ಯಾಡ" ಎಂದರು.

ನಾನು ಕೈ ಇಟ್ಟೆ. ಒಳಗೆ ಅದೇ ಬೆದರಿದ ಮಂದೆ. "ನಡೀರಿ, ಇಬ್ಬರೂ ಹೋಗೂಣು" ಎಂದೆ. "ಇದೊಂದು ಬಾಲ್ ಬರಲಿ" ಎಂದರು. ಆ ಚೆಂಡು ಬಂದು ಹೋಯಿತು. "ಇದೊಂದು" ಎಂದರು. ಹೊತ್ತುಕೊಂಡು ಹೋಗಬೇಕೆಂದರೆ ಅವರ ತೂಕಕ್ಕಿಂತ ಅವರ ಹಟ ಭಾರವಿತ್ತು. ಎಳೆದಾಡಿದರೆ ಅಲ್ಲೇ ಬಿದ್ದುಬಿಟ್ಟರೆ ಎಂಬ ಅಂಜಿಕೆ ಬೇರೆ. ನಮ್ಮ ನಾಯಕ ದೂರದಿಂದ ಅರಚುತ್ತಿದ್ದ: "ಕೈ ತಗಿಯೋ! ದೂರ ನಿಲ್ಲೋ!" ನಡುನಡುವೆ ನನಗೂ ಅನುಮಾನ ಬರುತ್ತಿತ್ತು. ಇಡೀ ಬಸ್ಸನ್ನು ಬೆನ್ನಿನಿಂದ ಆಡಿಸುವ ಮನುಷ್ಯ, ನಾನು ದೂರ ನಿಂತರೆ ತನ್ನ ಆಟ ಮುಗಿಯಿತೆಂದು ಬಲ್ಲವರು, ನನ್ನ ಕೈಯನ್ನು ಅಲ್ಲೇ ಇರಿಸಿಕೊಳ್ಳಲು ಹೂಡಿದ ಉಪಾಯವೇ ಇದು? ಅನುಮಾನ ಬಂದ ಕೂಡಲೇ ಆ ಎದೆ ನಿಲ್ಲುತ್ತಿತ್ತು, ನನ್ನ ಉಸಿರೂ ನಿಲ್ಲುತ್ತಿತ್ತು, ಒಳಗಿಂದ ಗುದ್ದು ಬಿದ್ದ ಮೇಲೆಯೇ ಇಬ್ಬರೂ ಬದುಕುತ್ತಿದ್ದೆವು. ಎದೆಯನ್ನು ಹೇಳಿದ ಹಾಗೆ ನಿಲ್ಲಿಸಲು ಯಾವ ಸ್ಟ್ರೈಕರನಿಗೂ ಬರುವುದಿಲ್ಲ.

ಆಗ ಚೆಂಡು ಬಂತು. ನೆಲದ ಮೇಲೆ, ನೇರವಾಗಿ ಅವರ ಕಾಲಿಗೆ. ಮಾಮಾ ಒರಗಿದರು. ಮುಂದೇನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು, ಅವರು ಆಧಾರ ತಪ್ಪಿ ಅಂಗಾತ ಬೀಳುತ್ತಾರೆ, ಚೆಂಡು ನನ್ನದು. ಎಷ್ಟು ಸಲ ಹಾಗೆ ಮಾಡಿ ಸಂಬಳ ತೆಗೆದುಕೊಂಡಿದ್ದೇನೆ. ನಾನು ಸರಿಯಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಅದೇ ಕೈಯ ಮೇಲೆ ಮೈಭಾರವನ್ನೆಲ್ಲ ಬಿಟ್ಟು ಅವರು ತಿರುಗಿದರು, ಮೆಲ್ಲಗೆ, ಬಸ್ಸಿನಲ್ಲಿ ಯಾವುದೋ ಮುದುಕಿಯ ಬುಟ್ಟಿಗೆ ತಾಗದ ಹಾಗೆ ದಾಟುವಷ್ಟೇ ಮೆಲ್ಲಗೆ. ಎಡಗಾಲಿನಿಂದ ಮೂಲೆಗೆ ತಳ್ಳಿದರು. ಗೋಲು.

ಖಾನಾಪುರದವರು ಟೆಂಪೋದ ಮೇಲೆ ಹತ್ತಿ ಕುಣಿದರು. ಮಾಮಾ ಕೈ ಎತ್ತಲಿಲ್ಲ. ನಿಂತಲ್ಲೇ ನಿಂತು ನನ್ನನ್ನು ನೋಡಿದರು. ಮುಖ ಸುಣ್ಣದ ಹಾಗಾಗಿತ್ತು. "ಈಗ ನಡಿ" ಎಂದರು.

ಅವರನ್ನು ತೋಳಿನಲ್ಲಿ ಹಿಡಿದು ಹೊರಗೆ ಬಂದೆ. ಗೋಲು ತಿಂದವನೇ ಗೋಲು ಹೊಡೆದವನನ್ನು ಎತ್ತಿಕೊಂಡು ಹೋಗುವುದನ್ನು ನೋಡಿ ಜನಕ್ಕೆ ಏನೂ ತಿಳಿಯಲಿಲ್ಲ. ನಮ್ಮ ನಾಯಕ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಟೋದಲ್ಲಿ ಕೂರಿಸಿ ದೊಡ್ಡ ಆಸ್ಪತ್ರೆ ಎಂದೆ. ಮಾಮಾ ಮುಂದಕ್ಕೆ ಬಾಗಿದ್ದರು, ನನ್ನ ಕೈ ಬೆನ್ನಿನ ಮೇಲೇ ಇತ್ತು. ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು.

ಬೆಳಗಾವಿಯವರಿಗೆ ಆ ಗೇಟಿನ ವಿಷಯ ಹೇಳಬೇಕಾಗಿಲ್ಲ. ಬಿದ್ದರೆ ಬಿತ್ತು. ಮುಂದೆ ಸ್ಕೂಟರುಗಳು, ಹಿಂದೆ ಒಂದು ಟ್ರಕ್ಕು, ತಿರುಗಿಸಲು ಜಾಗವಿಲ್ಲ. ಮಾಲಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಹಳಿಯ ಸದ್ದಿನ ಅದುರು ಆಟೋದ ಸೀಟಿಗೂ ಬಂದು ನನಗೆ ಯಾವುದು ಎದೆ ಯಾವುದು ರೈಲು ಎಂದು ತಿಳಿಯದಾಯಿತು. ಆಟೋದವನ ಭುಜ ಹಿಡಿದು ಅಲುಗಾಡಿಸಿದೆ. "ಏನ್ ಮಾಡ್ಲಿ ಸರ, ರೈಲ ಎತ್ತಿ ಬಾಜೂಕ ಇಡ್ಲೇನು?" ಎಂದ ಆತ, ಅವನೂ ಹೆದರಿದ್ದ. ಮಾಮಾ ಕಣ್ಣು ಮುಚ್ಚಿಕೊಂಡೇ, "ಎಷ್ಟ ಡಬ್ಬಿ ಉಳದಾವೋ?" ಎಂದು ಕೇಳಿದರು. ನಾನು, "ಮುಗದಾವ್ರಿ ಮಾಮಾ, ಕಡೀಕ ಬಂದೈತಿ" ಎಂದು ಸುಳ್ಳು ಹೇಳಿದೆ. ಆಗ ಕೈಯ ಕೆಳಗೆ ಎಲ್ಲ ನಿಂತುಹೋಯಿತು. ರೈಲು ಹೋಗುತ್ತಲೇ ಇತ್ತು, ಕೈಯ ಕೆಳಗೆ ಏನೂ ಇರಲಿಲ್ಲ. ನಾನು "ಮಾಮಾ!" ಎಂದು ಕಿರುಚಿದೆ, ಸ್ಕೂಟರಿನವರೆಲ್ಲ ತಿರುಗಿ ನೋಡಿದರು. ಆ ಕ್ಷಣದ ಅಂಜಿಕೆಯನ್ನು ಹೇಗೆ ಬರೆಯಬೇಕೋ ನನಗೆ ಗೊತ್ತಿಲ್ಲ... ಆಮೇಲೆ ಒಂದು ಗುದ್ದು. ಇನ್ನೊಂದು. ಗೇಟು ಎದ್ದಿತು.

ಆಸ್ಪತ್ರೆಯಲ್ಲಿ ಎದೆಗೆ ಕರೆಂಟು ಕೊಟ್ಟು ಅದನ್ನು ದಾರಿಗೆ ತಂದರು. ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಗುಳಿಗೆ ತಪ್ಪಿಸಬಾರದು, ಇನ್ನು ಮೈದಾನಕ್ಕೆ ಕಾಲಿಡಬಾರದು ಎಂದೂ ಹೇಳಿದರು. ಅತ್ತಿ, ಅಂದರೆ ಮಾಮಾರ ಹೆಂಡತಿ, ಖಾನಾಪುರದಿಂದ ಓಡಿ ಬಂದವರು ಗಂಡನನ್ನು ಬಯ್ಯಲು ಶುರುಮಾಡಿ ಅಳುವುದರಲ್ಲಿ ಮುಗಿಸಿದರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು.

ಮಾಮಾ ಮತ್ತೆ ಬಸ್ಸಿಗೆ ಬಂದರು. ಆಟ ಬಿಟ್ಟರು. ಆದರೆ ಒಂದು ಹೊಸ ರೂಢಿ ಶುರುವಾಯಿತು. ನಾನು ರಜೆಗೆ ಬಂದು ಬಸ್ಸು ಹತ್ತಿದಾಗಲೆಲ್ಲ ಟಿಕೆಟ್ ಕೊಟ್ಟು, ನನಗೆ ಬೆನ್ನು ಮಾಡಿ ನಿಂತುಬಿಡುತ್ತಿದ್ದರು. "ಚೆಕಿಂಗ್ ಮಾಡು" ಎನ್ನುತ್ತಿದ್ದರು. ಹಳೇ ಆಟಗಾರರ ಏನೋ ಚೇಷ್ಟೆ ಎಂದು ಜನ ನಗುತ್ತಿದ್ದರು. ನಾನು ಪ್ಯಾಂಟಿಗೆ ಅಂಗೈ ಒರೆಸಿಕೊಂಡು ಬೆನ್ನಿನ ಮೇಲೆ ಇಡುತ್ತಿದ್ದೆ.

"ಹೆಂಗೈತಿ?"

"ಛಲೋ ಐತ್ರಿ ಮಾಮಾ. ಒಂದ ಸಮ ಹೊಡ್ಯಾಕತ್ತೈತಿ."

ಆಮೇಲೆಯೇ ಸೀಟಿ. ಡಾಕ್ಟರ ಹತ್ತಿರ ಹೋಗಿ ಬನ್ನಿ ಎಂದರೆ, "ಹೋಗಿ ಬಂದೀನೋ, ಎಲ್ಲಾ ಸರಿ ಐತಿ ಅಂದಾರ. ಆದ್ರೂ ನೀ ಒಮ್ಮಿ ಹೇಳು" ಎನ್ನುತ್ತಿದ್ದರು. ಅವರಿಗೆ ಅದರಿಂದ ಧೈರ್ಯ ಬರುತ್ತಿತ್ತು. ನನ್ನ ಪಾಡು ಬೇರೆ. ಒಂದು ದಿನ ಕೈಗೆ ಆ ಬೆದರಿದ ಮಂದೆ ಸಿಕ್ಕಿಬಿಟ್ಟರೆ, ಅಷ್ಟು ಜನರ ನಡುವೆ, ನಗುತ್ತಿರುವ ಆ ಮುಖಕ್ಕೆ ನಾನು ಏನು ಹೇಳಲಿ? ಸ್ಟ್ಯಾಂಡಿನಲ್ಲಿ ಅವರ ಬಸ್ಸು ಕಂಡರೆ ಸಂತೋಷವೂ ಆಗುತ್ತಿತ್ತು, ಇವತ್ತು ಅವರ ಪಾಳಿ ಇರದಿದ್ದರೆ ಸಾಕಪ್ಪಾ ಎಂದೂ ಅನಿಸುತ್ತಿತ್ತು.

ಆ ಅಂಜಿಕೆ ನನ್ನ ಜೊತೆ ಗೋವೆಗೂ ಬಂತು. ಯಾವ ಸ್ಟ್ರೈಕರನ ಬೆನ್ನಿನ ಮೇಲೆ ಕೈ ಇಟ್ಟರೂ ಅವನು ಎತ್ತ ಹೋಗುತ್ತಾನೆ ಎಂಬುದರ ಬದಲು ಅವನ ಎದೆ ಹೇಗೆ ಹೊಡೆಯುತ್ತಿದೆ ಎಂದು ಕೇಳಲು ತೊಡಗಿದೆ. ಅಷ್ಟರಲ್ಲಿ ಅವನು ಹೋಗಿಬಿಟ್ಟಿರುತ್ತಿದ್ದ. ಓಟ ಮೊದಲಿನ ಹಾಗೆಯೇ ಇತ್ತು, ಭುಜವೂ ಹಾಗೆಯೇ ಇತ್ತು, ಆದರೂ ಏನೋ ಹೋಗಿದೆ ಎಂದು ಕ್ಲಬ್ಬಿನವರಿಗೂ ತಿಳಿಯಿತು. ಮುಂದಿನ ವರ್ಷಕ್ಕೆ ನನ್ನನ್ನು ಉಳಿಸಿಕೊಳ್ಳಲಿಲ್ಲ. ಬೆಳಗಾವಿಯಲ್ಲಿ ಒಂದು ಆಫೀಸಿನ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಮಾಮಾರಿಗೆ ಕಾರಣ ಹೇಳಲಿಲ್ಲ.

ಅವರಿಗೆ ಆಮೇಲೂ ಒಳ್ಳೆಯ ವರ್ಷಗಳು ಸಿಕ್ಕವು. ಮಗಳ ಮದುವೆ ಮಾಡಿದರು. ಹೊಟ್ಟೆ ಇನ್ನಷ್ಟು ಮುಂದೆ ಬಂತು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕುಳಿತವರು ಹಾಗೆಯೇ ಹೋದರು. ಫೋನು ಬಂದಾಗ ನಾನು ಆಫೀಸಿನಲ್ಲಿದ್ದೆ. ಖಾನಾಪುರಕ್ಕೆ ಹೇಗೆ ಹೋದೆನೋ ನೆನಪಿಲ್ಲ...

ಅವರದು ಬಸವಣ್ಣನವರಿಗೆ ನಡೆದುಕೊಳ್ಳುವ ಲಿಂಗಾಯತ ಮನೆ. ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿಯೇ ವಿಮಾನವೆನ್ನುವ ಅಲಂಕರಿಸಿದ ಚಟ್ಟದಲ್ಲಿ ಹೊತ್ತೊಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ನಾನು ಹೋದಾಗ ಮಾಮಾರನ್ನು ಮೈ ತೊಳೆಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹೊರಗೆ ವಿಮಾನಕ್ಕೆ ಬಾಳೆ ಕಟ್ಟುತ್ತಿದ್ದರು. ಗೋಡೆಗೆ ಆನಿಸಿ ಕಟ್ಟಿದ್ದ ವಸ್ತ್ರ ಸಡಿಲಾಗಿ ದೇಹ ವಾಲುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಬೇಕು, ಅಲ್ಲಿಯವರೆಗೆ ಯಾರಾದರೂ ಹಿಂದಿನಿಂದ ಹಿಡಿಯಿರಿ ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. ಒಂದಿಬ್ಬರು ಮುಂದೆ ಬಂದರು. ಅತ್ತಿ ಅಳುತ್ತ ಕುಳಿತಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡಿದರು.

"ನೀ ಹಿಡಿ ಬಾರೋ ತಮ್ಮಾ. ನಿನ್ನ ಕೈ ಅವರಿಗೆ ರೂಢಿ ಐತಿ" ಎಂದರು.

ಗೋಡೆಗೂ ಮಾಮಾರಿಗೂ ನಡುವೆ ಮೊಣಕಾಲೂರಿ ಕುಳಿತು ಬೆನ್ನಿಗೆ ಅಂಗೈ ಕೊಟ್ಟೆ. ಅವರ ಭಾರವೆಲ್ಲ ನನ್ನ ಮೇಲೆ ಬಂತು. ನನಗೆ ಎಲ್ಲ ಗೊತ್ತಿತ್ತು, ನಾನೇನು ಮಗುವಲ್ಲ. ಆದರೂ ಕಾಯುತ್ತಿದ್ದೆ. ಇದಕ್ಕೂ ಮುಂಚೆ ಎಷ್ಟೋ ಸಲ ನಿಂತಿದೆ, ನಿಂತ ಮೇಲೆ ಒಂದು ಗುದ್ದು ಬಂದೇ ಬಂದಿದೆ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ವಸ್ತ್ರ ಕಟ್ಟಿ ಮುಗಿಯಿತು. ಸಾಕು ಬಿಡ್ರಿ ಎಂದರು ಯಾರೋ. ಬಿಡಲಾಗಲಿಲ್ಲ. ಇಬ್ಬರು ಬಂದು ನನ್ನ ಕೈ ಹಿಡಿದು ಬಿಡಿಸಿದರು.

ಇದಾಗಿ ಕೆಲವು ವರ್ಷಗಳಾದವು. ಈಗ ಸಂಜೆ ಬೆಳಗಾವಿಯಲ್ಲಿ ಹುಡುಗರಿಗೆ ಡಿಫೆನ್ಸ್ ಕಲಿಸುತ್ತೇನೆ. ಓಡುವ ಸ್ಟ್ರೈಕರಿಗೆ ಹೀಗೆ, ಹಾರುವವನಿಗೆ ಹೀಗೆ, ಒರಗುವವನಿಗೆ ಹೀಗೆ ಎಂದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳುತ್ತೇನೆ. ಕಾರ್ನರ್ ಬಂದಾಗ ಕೈ ಎಲ್ಲಿ ಇಡಬೇಕ್ರಿ ಸರ ಎಂದು ಯಾರಾದರೂ ಕೇಳಿದರೆ, ಇಡಬೇಡ, ಕೈಯಳತೆ ದೂರ ನಿಲ್ಲು ಎನ್ನುತ್ತೇನೆ. ಕಾರ್ನರಿನಲ್ಲಿ ಅದು ತಪ್ಪು ಪಾಠ ಎಂದು ಬೇರೆ ಕೋಚುಗಳು ನಗುತ್ತಾರೆ, ನಗಲಿ. ಒಮ್ಮೆ ಇಟ್ಟ ಮೇಲೆ ಕೈ ತೆಗೆಯಲಾಗದಂಥ ಬೆನ್ನು ಈ ಹುಡುಗರಲ್ಲಿ ಯಾರಿಗಾದರೂ ಸಿಕ್ಕಿಬಿಟ್ಟೀತು ಎಂದು ನನಗೆ ಅಂಜಿಕೆ.